ಚಪ್ಪಲಿ ಲೆಕ್ಕ

ಕೆಂಪು ಪಾಪ್ಲಿನ್ ಒಂದೂವರೆ ಮೀಟರ್ ಹರಿಸಿ
"ಅಂಚು ಎರಡು ಸಲ ಹೊಲಿ ಮಾರಾಯ,
ಇಲ್ಲಿನ ಗಾಳಿ ಹೇಳಿ ಕೇಳಿ ಬರುವುದಲ್ಲ" ಅಂದವರು
ಹೆಜಮಾಡಿಯ ವಾಮನ ತಿಂಗಳಾಯರು.
ಎಪ್ಪತ್ತೊಂಬತ್ತೋ ಎಂಬತ್ತೋ. ದೇರಾದಲ್ಲಿ
ನನ್ನದು ಒಂದೇ ಮೆಷಿನು.

ಉಮ್ ಸುಕೈಮಿನಲ್ಲಿ ಆಗ ಬರೀ ಮರಳು,
ಖರ್ಜೂರದ ಗರಿಯ ನಾಲ್ಕು ಗುಡಿಸಲು.
ಶುಕ್ರವಾರ ಲಾರಿಯಿಂದ ಇಳಿದ ಗಂಡಸರು
ಕಡಲಿಗೆ ಬೆನ್ನು ಹಾಕಿ ಕೂರುತ್ತಿದ್ದರು,
ಲಾರಿ ಬಿಟ್ಟು ಹೋದೀತೆಂದು.

ಯಾವನೋ ಆಸ್ಟ್ರೇಲಿಯದ ಇಂಜಿನಿಯರು ಎಸೆದು ಹೋದ
ಮೂತಿ ಮುರಿದ ಹಲಗೆಗೆ
ದೋಣಿಯ ಫೈಬರ್ ಮೆತ್ತಿ
ಶಮಾಲ್ ಬೀಸಿದ ಬೆಳಿಗ್ಗೆ ನೀರಿಗಿಳಿದರಂತೆ.
ನಾನು ಕಂಡದ್ದು ಎರಡನೆಯ ಸಲ:
ತೆರೆ ಎದ್ದಿತು, ಮನುಷ್ಯ ಎದ್ದ,
ಇಬ್ಬರೂ ಒಟ್ಟಿಗೆ ದಡಕ್ಕೆ ಬಂದರು.
ಲುಂಗಿ ಎತ್ತಿ ಕಟ್ಟಿದ ಮೇಸ್ತ್ರಿಯೊಬ್ಬ ಸಿಳ್ಳೆ ಹೊಡೆದ.
ಬೆನ್ನುಗಳೆಲ್ಲ ತಿರುಗಿದ್ದು ಆ ದಿನ.

ಆಮೇಲೆ ಬಂತು ಥರ್ಮಾಸು, ಚಾಪೆ, ಕ್ಯಾಸೆಟ್ಟು.
ಕಾರಿನ ಗಾಜಿಳಿಸದ ಹೆಂಗಸರು
ಪಾದ ಮುಳುಗುವಷ್ಟು ನೀರಿಗೆ ಬಂದರು.
ಹೋಟೆಲಿನವರು ಎತ್ತರದ ಕುರ್ಚಿ ಕೊಟ್ಟರು, ಪೀಪಿ ಕೊಟ್ಟರು.
ವೀಸಾದಲ್ಲಿ ಮಾತ್ರ ಕೊನೆಯವರೆಗೂ "ತೋಟದ ಮಾಲಿ".

ಒಂದು ಸಂಜೆ, ಲಾರಿ ಹೋದ ಮೇಲೆ,
ಒಂದು ಜೊತೆ ಹವಾಯಿ ಚಪ್ಪಲಿ ಉಳಿದಿತ್ತು.
ನೀಲಿ ಬಾರು. ಎಡಗಾಲಿನದಕ್ಕೆ ಸೇಫ್ಟಿ ಪಿನ್ನು.
ರಾತ್ರಿಯಿಡೀ ಟಾರ್ಚು ಹಿಡಿದು ಹುಡುಕಿದರು.
ಅವನ ಹೆಸರು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.
ಇದನ್ನು ತಿಂಗಳಾಯರು ನನಗೆ ಹೇಳಿದ್ದಲ್ಲ.
ಮರುವಾರ ಬಂದು ಮೂರು ಬಾವುಟ ಕೇಳಿದರು,
ಅಳತೆ ತಪ್ಪು ಹೇಳಿದರು, ಎರಡು ಸಲ.

ಅಲ್ಲಿಂದ ಕಟ್ಟಳೆ:
ನೀರಿಗಿಳಿಯುವವ ಚಪ್ಪಲಿ ಸಾಲಿಗಿಡಬೇಕು,
ಮೂತಿ ರಸ್ತೆಯ ಕಡೆಗೆ.
ಹೊತ್ತು ಮುಳುಗುವಾಗ ಸಾಲಿನುದ್ದ ನಡೆದು
ಬಡ್ಡಿಯವನ ಹಾಗೆ ತುಟಿ ಅಲ್ಲಾಡಿಸಿ
ತುಳುವಿನಲ್ಲಿ ಎಣಿಸುವರು: ಒಂಜಿ, ರಡ್ಡ್, ಮೂಜಿ.
ಒಂದೂ ಉಳಿಯದ ಮೇಲೆಯೇ
ಕುರ್ಚಿಯ ಮೇಲಿನ ಟವೆಲು ತೆಗೆಯುವುದು.

ಮೊನ್ನೆ ಮೊಮ್ಮಗಳು ಕರೆದುಕೊಂಡು ಹೋದಳು.
ಕಾರು ನಿಲ್ಲಿಸಲೂ ದುಡ್ಡು. ಬಾಡಿಗೆಗೆ ಬಣ್ಣಬಣ್ಣದ ಹಲಗೆ.
ಪೀಪಿಯ ಹುಡುಗ ನೇಪಾಳದವನು,
ತಿಂಗಳಾಯರು ಅಂದರೆ ತಿಂಡಿಯ ಹೆಸರೆಂದುಕೊಂಡ.
ಆದರೆ ಮರಳಿನ ಅಂಚಿಗೆ ಚಪ್ಪಲಿ ಸಾಲು,
ಮೂತಿ ರಸ್ತೆಗೆ.
"ಯಾಕೆ ಹೀಗೆ?" ಅಂದೆ.
"ಇಲ್ಲಿ ಹೀಗೇ ಇಡೋದು ಅಜ್ಜ" ಎಂದವಳೇ ಓಡಿದಳು.

ಎಣಿಸಿದೆ. ಹನ್ನೊಂದು ಜೊತೆ.
ನೀರಿನಲ್ಲಿ ತಲೆ ಹತ್ತು.
ಮಂಡಿ ಹಿಡಿದುಕೊಂಡು ಎದ್ದು ನಿಂತೆ,
ಮತ್ತೆ ಎಣಿಸಿದೆ, ಮತ್ತೆ ಹತ್ತು,
ಪೀಪಿಯವನನ್ನು ಕೂಗಬೇಕೆನ್ನುವಾಗ
ಕಾಲಡಿ ಮರಳು ಸುಟ್ಟಿತು.
ಹನ್ನೊಂದನೆಯದು ನನ್ನದು.
ಅವಳೇ ಸಾಲಿಗಿಟ್ಟು ಹೋಗಿದ್ದಳು.