ಕೊನೆಯ ಪುಟ ಗೊತ್ತಿದ್ದವಳು

ಮೂರು ನೈಟ್ ಡ್ಯೂಟಿ, ವಾರ್ಡಿನ ಕೆಮ್ಮುಗಳ ನಡುವೆ
ಆ ಕಾದಂಬರಿ ಮುಗಿಸಿದ್ದಳು ಲುಡೊವಿನಾ.
ಕೊಂದವನ ಹೆಸರು ಈಗ
ಬಾಯೊಳಗಿನ ಕಲ್ಲುಸಕ್ಕರೆ. ಕಚ್ಚುವಂತಿಲ್ಲ.

ಪೋರ್ಟೋದ ಹಳೇ ಟಾಕೀಸು. ಪಕ್ಕದಲ್ಲಿ ಡೆಲ್ಫಿಮ್,
ಜನ್ಮದಲ್ಲಿ ಓದಿದ್ದು ಟ್ರಾಮಿನ ವೇಳಾಪಟ್ಟಿ ಮಾತ್ರ.
ಪರದೆ ಬಿಟ್ಟು ಅವನ ಮುಖವನ್ನೇ ನೋಡುತ್ತಾಳೆ ಇವಳು:
ಮೆಟ್ಟಿಲು ಕಿರ್ರೆಂದರೆ ಹುಬ್ಬು ಮೇಲೆ,
ದೀಪ ಆರಿದರೆ
ಸುಟ್ಟ ಚೆಸ್ಟ್‌ನಟ್ ಬಾಯಿಗೆ ಅರ್ಧ ದಾರಿಯಲ್ಲೇ.
"ಆ ವಿಧವೆಯೇ," ಅನ್ನುತ್ತಾನೆ. "ಅಲ್ಲಲ್ಲ, ತೋಟದವನು."
ಹ್ಞೂಂ, ಅನ್ನುತ್ತಾಳೆ ನಗು ನುಂಗಿ.
ತಾಳು, ಔಷಧಿ ಅಂಗಡಿಯವನು ಬರಲಿ.

ಬಂದ. ಟೋಪಿ ತೆಗೆದ. ಮೀನು ಕೊಂಡ.
ಶಿಳ್ಳೆ ಹಾಕುತ್ತ ನದಿಯತ್ತ ಹೊರಟೇಹೋದ!
ಕೋಳ ಬಿದ್ದದ್ದು ಗಡಿಯಾರ ರಿಪೇರಿಯವನ ಕೈಗೆ.

ಕುರ್ಚಿಯಿಂದ ಅರ್ಧ ಎದ್ದುನಿಂತವಳು ಇವಳೇ,
ಎದೆ ಡವಡವ. ಎರಡನೇ ಸಲ ಮೋಸಹೋಗುವುದೆಂದರೆ
ಅಬ್ಬ, ಎಂಥ ಸುಖ.
"ನನಗೆ ಮೊದಲೇ ಗೊತ್ತಿತ್ತು," ಅಂದ ಡೆಲ್ಫಿಮ್
ಮಡಿಲ ಸಿಪ್ಪೆ ಕೊಡವುತ್ತ.

ಮನೆಗೆ ಬಂದು, ಕೋಟೂ ಬಿಚ್ಚದೆ, ಕೊನೆಯ ಪುಟ ತೆರೆದಳು.
ಅಲ್ಲಿ ಅವನೇ, ಅದೇ ಔಷಧಿಯವನು,
ಕಟಕಟೆಯಲ್ಲಿ ತಲೆತಗ್ಗಿಸಿ.
ಪಾಪ ಅನ್ನಿಸಿತು, ಇದೇ ಮೊದಲು.
ಯಾರಾದರೂ ಬಿಟ್ಟುಬಿಡಿ ಅವನನ್ನು,
ಮೀನು ಕೆಟ್ಟೀತು.