ಆರುನೂರ ಹದಿಮೂರನೆಯದು

ಡಬ್ಬದ ಮೇಲೆ ಬರೆದಿತ್ತು: ಒಂಬತ್ತು ಸಾವಿರದ
ಒಂಬೈನೂರ ತೊಂಬತ್ತೊಂಬತ್ತು ಆಟ, ಒಂದರಲ್ಲೇ.
ನೂರಾ ಇಪ್ಪತ್ತು ಹೇಳಿ ತೊಂಬತ್ತಕ್ಕೆ ಕೊಟ್ಟ ಪ್ಯಾರೇಜಾನ್,
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹತ್ತಿರ
ಟಾರ್ಚು, ಬಾಚಣಿಗೆ, ಬೀಗಗಳ ನಡುವೆ ಕೂತವನು.

ಅವತ್ತು ನಮ್ಮ ಲಾಟಿಗೆ ರೇಟು ಚೆನ್ನಾಗಿ ಕೂಗಿದ್ದರು.
ಅಪ್ಪ ದುಡ್ಡು ಎಣಿಸಿಕೊಟ್ಟು
'ಹತ್ತು ಸಾವಿರಕ್ಕೆ ಒಂದೇ ಕಮ್ಮಿ ನೋಡಮ್ಮಿ' ಅಂದ.
ಕಮ್ಮಿಯಾದ ಆ ಒಂದು ಯಾವುದಿರಬಹುದು ಎಂದು
ದಿಬ್ಬೂರಹಳ್ಳಿ ಬಸ್ಸಿನಲ್ಲಿ, ಮಡಚಿದ ಖಾಲಿ ಚೀಲಗಳ ಮೇಲೆ ಕೂತು
ಯೋಚಿಸಿದ್ದೆ, ನಿಜವಾಗಿ.

ಮೊದಲನೆಯದು: ಮೇಲಿಂದ ತುಂಡು ಬೀಳುತ್ತದೆ,
ಸಾಲು ತುಂಬಿದರೆ ಸಾಲು ಮಾಯ.
ಎರಡನೆಯದು: ಮೇಲಿಂದ ತುಂಡು ಬೀಳುತ್ತದೆ, ಸ್ವಲ್ಪ ಬೇಗ.
ಮೂರನೆಯದು: ಇನ್ನೂ ಸ್ವಲ್ಪ.
ನಾಲ್ಕರಲ್ಲಿ ತಳದಲ್ಲಿ ಮೊದಲೇ ಎರಡು ಸಾಲು ಕಸ,
ಯಾರೋ ಅರ್ಧ ಆಡಿ ಎದ್ದುಹೋದ ಹಾಗೆ.
ಹನ್ನೊಂದನೆಯದು ಮತ್ತೆ ಮೊದಲನೆಯದೇ,
ಅಂಗಿ ಕೂಡ ಬದಲಿಸದೆ ಬಂದು ನಿಂತಿತ್ತು.

ಬಿಡಲಿಲ್ಲ ನಾನು.
ಅಪ್ಪ ಸೊಪ್ಪಿನ ಲೆಕ್ಕ ಬರೆಯುವ ಪುಸ್ತಕದಲ್ಲಿ
ಹಿಂದಿನಿಂದ ಶುರುಮಾಡಿ ನಂಬರು ಹಾಕಿ ಬರೆದೆ:
ಅದೇ. ಅದೇ. ಅದೇ, ಬೇಗ. ಅದೇ.
ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದ ದಿನಗಳು;
ರಾತ್ರಿ ಹನ್ನೊಂದಕ್ಕೊಮ್ಮೆ ಎದ್ದು ಸೊಪ್ಪು ಹಾಕಬೇಕು,
ಎಚ್ಚರವಿರಲು ನನಗೊಂದು ನೆವ ಸಿಕ್ಕಿತ್ತು.
ಸೆಲ್ಲು ಮುಗಿದರೆ ಎಲ್ಲ ಮರೆಯುವ ಯಂತ್ರ ಅದು,
ಮತ್ತೆ ಒಂದರಿಂದ ಗುಂಡಿ ಒತ್ತಿಕೊಂಡು ಬರಬೇಕು.

ಅತ್ತೆ ಮುನಿನಂಜಮ್ಮ ಕೇಳಿದಳು:
'ಅದೂ ಮೇಯ್ತದಾ?'
'ಸೆಲ್ಲು ಮೇಯ್ತದೆ.'
'ಏನೈತೆ ಅದರಾಗೆ?'
'ಇಟ್ಟಿಗೆ ಜೋಡಿಸೋದು.'
'ಜೋಡಿಸಿದ ಮೇಲೆ?'
'ಮಾಯ ಆಗ್ತವೆ.'
ಅವಳು ಚಂದ್ರಿಕೆಯ ಮುರಿದ ಬಿದಿರಿಗೆ ದಾರ ಸುತ್ತುತ್ತಾ
ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅಂದಳು:
'ತೊಂಬತ್ತು ರೂಪಾಯಾ?'

ಮುಂದಿನ ಬೆಳೆಗೆ ಗೂಡಿನ ಜೊತೆ ನಾನೂ ಹೋದೆ, ಜಗಳಕ್ಕೆ.
'ಇದರಲ್ಲಿರೋದು ಒಂದೇ ಆಟ.'
'ಎಲ್ಲಾ ಆಡಿದೆಯಾ?'
'ಆರುನೂರ ನಲವತ್ತು.'
'ಒಂಬತ್ತು ಸಾವಿರದ ಮುನ್ನೂರ ಐವತ್ತೊಂಬತ್ತು
ಬಾಕಿ ಇಟ್ಕೊಂಡು ಬಂದಿದ್ದೀಯ?'
ಬೀಗ ಮಾರುವವನಿಗೆ ಕಳೆಯುವ ಲೆಕ್ಕ ಬಾಯಲ್ಲೇ ಇತ್ತು.
ಪುಸ್ತಕ ಚಾಚಿದೆ. ಬೆರಳಿಗೆ ಎಂಜಲು ಹಚ್ಚಿ
ಒಂದೊಂದೇ ಪುಟ ತಿರುವಿದ: ಅದೇ, ಅದೇ, ಅದೇ.
ಒಂದು ಕಡೆ ಬೆರಳು ನಿಂತಿತು.

೬೧೩. ತುಂಡು ಕೆಳಗಿಂದ ಹುಟ್ಟಿ ಮೇಲೆ ಹೋಗುತ್ತದೆ.

'ಉಲ್ಟಾ?' ಎಂದ.
ಹೊಸ ಡಬ್ಬವೊಂದನ್ನು ಉಗುರಿನಲ್ಲೇ ಸೀಳಿ
ಮಾರುವ ಸೆಲ್ಲು ಎರಡು ತನ್ನ ಕೈಯಾರೆ ಹಾಕಿದ.
ಅವನು ಗುಂಡಿ ಒತ್ತಿದ, ನಾನು ಎಣಿಸಿದೆ.
ಬೀಗಕ್ಕೆ ಬಂದವನು ಕಾದ, ಬಾಚಣಿಗೆಗೆ ಬಂದವಳು ಬೈದು ಹೋದಳು,
ಮುನ್ನೂರರ ಹತ್ತಿರ ಚಹಾ ಬಂತು, ನನಗೂ ಅರ್ಧ.
ಆರುನೂರ ಹನ್ನೆರಡು. ಹದಿಮೂರು.
ಮೇಲಿಂದ ಬಿತ್ತು ತುಂಡು.

'ಅದೇ' ಎಂದ ಪ್ಯಾರೇಜಾನ್, ನನ್ನ ಪುಸ್ತಕದ ಭಾಷೆಯಲ್ಲಿ.
ಆಮೇಲೆ ನನ್ನದನ್ನು ತಿರುಗಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ,
ಮೊದಲ ಸಲ ವ್ಯಾಪಾರಿಯ ಹಾಗಲ್ಲದೆ ಹೇಳಿದ:
'ಕೆಟ್ಟ ಪೀಸು ಬಂದಿದೆ ನಿಂಗೆ. ಕೊಡು, ಬದಲಾಯಿಸ್ತೀನಿ.'

ಕಿತ್ತುಕೊಂಡೆ. ಯಾಕೆಂದು ಅವನು ಕೇಳಲಿಲ್ಲ;
ಸೀಳಿದ ಡಬ್ಬಕ್ಕೆ ಗಮ್ ಟೇಪು ಹುಡುಕುತ್ತಿದ್ದ.

ಬಸ್ಸಿನಲ್ಲಿ ಮತ್ತೆ ಒತ್ತಿಕೊಂಡು ಅಲ್ಲಿಗೇ ಹೋದೆ.
ಏರಿದವು ತುಂಡುಗಳು, ಒಂದರ ಹಿಂದೊಂದು,
ಮಾಡಿಗೆ ತಾಗಿ ಅಂಟಿ ಕೂತವು.
ಕೆಳಗಿನವರೆಗೂ ತುಂಬಿದಾಗ, ಅಲ್ಲೂ, ಗೇಮ್ ಓವರ್.

ಮನೆಯಲ್ಲಿ ೬೪೧ ಎಂದು ನಂಬರು ಹಾಕಿ ಮುಂದೆ ಬರೆಯಲಿಲ್ಲ.
ಆ ಹೊತ್ತಿಗೆ ಅಪ್ಪನ ಲೆಕ್ಕವೂ ಮುಂದಿನಿಂದ ಬಂದು
ಅದೇ ಪುಟ ಮುಟ್ಟಿತ್ತು. ಅವನ ಅಕ್ಷರ, ನನ್ನದಕ್ಕೆ ತಲೆಕೆಳಗಾಗಿ:
ಸೊಪ್ಪು, ಹನ್ನೆರಡು ಹೊರೆ.