ಎರಡು ಕೋಟುಗಳ ನಡುವೆ

ಬೈತಖೋಲದಲ್ಲಿ ಬೋಟುಗಳೆಲ್ಲ ದಡ ಹತ್ತಿವೆ.
ಜೂನ್ ಒಂದರಿಂದ ಅರವತ್ತೊಂದು ದಿನ
ಸಮುದ್ರಕ್ಕೆ ರಜೆ, ನನಗೆ ಸುಗ್ಗಿ.
ತಾಡಪತ್ರಿಯ ಕೆಳಗೆ ಸಾಲಾಗಿ ನಿಂತ
ಹನ್ನೊಂದು ಮೂತಿಗಳಿಗೆ ಹೆಸರು ಬರೆಯಬೇಕು,
ಎರಡೂ ಕೆನ್ನೆಗೆ,
ಆಮೇಲೆ ಹಿಂಬದಿಗೆ ನೋಂದಣಿ ನಂಬರು.

ಈ ಕೆಲಸಕ್ಕೆ ಮಳೆಯೊಂದೇ ಶತ್ರು ಅಂದುಕೊಂಡಿದ್ದೆ
ಹೋದ ವರ್ಷದವರೆಗೆ.

ಎನಾಮಲ್ಲಿನ ಮೊದಲ ಕೋಟು ಒಣಗಬೇಕು.
ಈ ತೇವದಲ್ಲಿ ಬೆರಳಿಟ್ಟರೆ
ಮಧ್ಯಾಹ್ನದವರೆಗೂ ಅಂಟು.
ಮುಂಚೆ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ?
ಬ್ರಷ್ಷು ಟರ್ಪಂಟಿನಲ್ಲಿ ಅದ್ದಿಟ್ಟು
ಮುಂದಿನ ಅಕ್ಷರದ ಹೊಟ್ಟೆ ಎಷ್ಟು ದಪ್ಪ ಇರಬೇಕೆಂದು
ಗಾಳಿಯಲ್ಲಿ ಬೆರಳಾಡಿಸುತ್ತ ಕೂತಿರುತ್ತಿದ್ದೆ.
ಬಲೆ ರಿಪೇರಿಯವರು ನಗುತ್ತಿದ್ದರು,
ವೃಷಾಲಿ ನೊಣ ಹೊಡೀತಾಳೆ.

ಈಗ ಹೆಬ್ಬೆರಳೊಂದೇ ಆಡುತ್ತದೆ.
ಯಾರದೋ ಅಡುಗೆ, ಯಾರದೋ ನಾಯಿ,
ಕೊಲ್ಹಾಪುರದಲ್ಲಿ ಲಾರಿಗೆ ಹುಲಿ ಬಿಡಿಸುವವನ
ಒಂಚೂರೂ ನಡುಗದ ಕೈ.
ಅವನಿಗೆ ನಲವತ್ತು ಸಾವಿರ ಜನ, ನನಗೆ ಒಂಬೈನೂರು.
ತಲೆ ಎತ್ತಿದರೆ ಕೋಟು ಎಂದೋ ಒಣಗಿದೆ,
ಅದರಲ್ಲೊಂದು ಸೊಳ್ಳೆ, ಕಾಲು ಚಾಚಿ.
ಬೆಳಕು ಹೋಗಿದೆ.

ರವಿವಾರ ಫೋನೇ ಲೆಕ್ಕ ಒಪ್ಪಿಸಿತು:
ದಿನಕ್ಕೆ ನಾಲ್ಕು ತಾಸು ಹನ್ನೊಂದು ನಿಮಿಷ.
ಅಂದರೆ ಒಂದು ಬೋಟು, ಎರಡು ಕೆನ್ನೆ.
ದಿನವೂ ಒಂದನ್ನು ಬರಿ ಹಣೆಯಲ್ಲಿ
ನೀರಿಗೆ ನೂಕಿದ ಹಾಗೆ.

ಬಿಟ್ಟುಬಿಡು ಅನ್ನುವುದು ಸುಲಭ.
ಹೊನ್ನಾವರದ ಎರಡು ಬೋಟು, ಮಲ್ಪೆಯದೊಂದು,
ಬಂದದ್ದು ಅಲ್ಲಿಂದಲೇ.
ಅಣ್ಣನ ಮಗ ಓಂಕಾರ ಹೇಳುತ್ತಾನೆ,
ದಿನಕ್ಕೊಂದು ರೀಲು ಬೀಳಲೇಬೇಕು ಆತ್ಯಾ,
ಇಲ್ಲದಿದ್ದರೆ ನಿನ್ನನ್ನು ಕೆಳಗೆ ತಳ್ಳುತ್ತದೆ.
ತಳ್ಳುವವರು ಯಾರು ಅಂತ ಕೇಳಿದೆ.
ಅವನಿಗೂ ಗೊತ್ತಿಲ್ಲ.

ಹಾಗೆ ತಳ್ಳಿಸಿಕೊಳ್ಳಬಾರದೆಂದು
ಮಂಗಳವಾರ ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಬ್ರಷ್ಷು,
ಪುಂಡಲೀಕ ತಾಂಡೇಲರ ಬೋಟಿಗೆ
ಹಳದಿಯಲ್ಲಿ ಬರೆದೆ, ಕೆಂಪು ನೆರಳು ಕೊಟ್ಟು.
ಎರಡು ಸಾವಿರದ ಮುನ್ನೂರು ಜನ ನೋಡಿದರು.
ಬೆಂಕಿ, ಹೃದಯ, ಮುಗಿದ ಕೈ.

ತಾಂಡೇಲರು ಶಾಲೆ ಮೆಟ್ಟಿಲು ಹತ್ತಿದವರಲ್ಲ.
ಚಾ ಲೋಟ ಹಿಡಿದು ದೂರ ನಿಂತು
ನೋಡಿದರು, ನೋಡಿದರು.
“ಹೋದ ವರ್ಷ ಇಲ್ಲೊಂದು ಕೊಕ್ಕೆ ಇತ್ತಲ್ಲ ವೃಷಾಲಿ,
ಗಾಳದ ಹಾಗೆ?”

ಜಲದುರ್ಗಾ ಇರಬೇಕಾದಲ್ಲಿ
ಜಲದರ್ಗಾ.

ನನ್ನ ಕಿವಿ ಬಿಸಿಯಾಯಿತು. ಓದಿ ಹೇಳಿದೆ. ಅವರು ನಕ್ಕರು.
“ಸದಾಶಿವಗಡದಲ್ಲಿ ಇಬ್ಬರೂ ಇದ್ದಾರೆ,
ನಮ್ಮನ್ನು ಇಬ್ಬರೂ ಕಾಯ್ದಿದ್ದಾರೆ.
ಲೈಸೆನ್ಸಿನಲ್ಲಿ ಮಾತ್ರ ಅವಳೊಬ್ಬಳೇ.”

ರೀಲು ಅಳಿಸಲು ಹೋದೆ.
ಅಷ್ಟರಲ್ಲಿ ಇನ್ನೂ ನಾನೂರು ಜನ ಬಂದಿದ್ದರು,
ಎಂಥ ಅಕ್ಷರ, ಎಂಥ ಅಕ್ಷರ ಎನ್ನುತ್ತ.

ಈಗ ಪ್ರೈಮರಿನ ಖಾಲಿ ಡಬ್ಬಿಯೊಂದಿದೆ,
ಒಂದು ಲೀಟರಿನದು, ಮುಚ್ಚಳ ಬಿಗಿ.
ಬೆಳಿಗ್ಗೆ ಫೋನು ಅದರೊಳಗೆ.
ಸ್ಕ್ರೂಡ್ರೈವರಿನಲ್ಲಿ ಮೀಟಿಯೇ ತೆಗೆಯಬೇಕು;
ಅಷ್ಟರಲ್ಲಿ ಅರ್ಧ ಆಸೆ ಹೋಗಿರುತ್ತದೆ.
ಮೊದಲ ಕೋಟು ಮುಗಿದ ಮೇಲೆ ಒಂದು ಸಲ:
ಕೇಳಿದವರಿಗೆ ರೇಟು,
ಮುಗಿದ ಹೆಸರಿನದೊಂದು ಫೋಟೊ, ಎರಡು ಸಲ ಓದಿ.
ಚಾ ತಣ್ಣಗಾಗುವುದರೊಳಗೆ ಮುಚ್ಚಳ.
ನಿನ್ನೆ ಮಾತ್ರ ಚಾ ಮೂರು ಸಲ ತಣ್ಣಗಾಯಿತು,
ಕೊಲ್ಹಾಪುರದವನು ನವಿಲು ಬಿಡಿಸುತ್ತಿದ್ದ.

ಇವತ್ತು ಇಪ್ಪತ್ತೆಂಟನೇ ದಿನ. ಏಳು ಮೂತಿ ಬಾಕಿ.
ಕೂರ್ಮಗಡದ ಕಡೆ ಮಳೆ ಕಪ್ಪಗೆ ನಿಂತಿದೆ.
ಜಲದುರ್ಗೆಯ ಎರಡನೇ ಕೆನ್ನೆ,
ಉಸಿರು ಬಿಗಿಹಿಡಿದು
ಕೊಂಬು ಎಳೆಯುತ್ತಿದ್ದೇನೆ.
ಡಬ್ಬಿಯೊಳಗೆ ಫೋನು ಗುರ್ ಅನ್ನುತ್ತದೆ,
ತಗಡೆಲ್ಲ ನಡುಗುವಂತೆ,
ಸಿಕ್ಕಿಬಿದ್ದ ದುಂಬಿಯ ಹಾಗೆ.
ಮಲ್ಪೆಯವರಿರಬಹುದು.
ಬರಿ ಹೃದಯವೂ ಇರಬಹುದು.
ಇರಲಿ,
ಈ ತಿರುವಿನಲ್ಲಿ ಬ್ರಷ್ಷು ಎತ್ತಿದರೆ
ಗುರುತು ಉಳಿಯುತ್ತದೆ.